ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ಆಫ್ ಮಾಡಬೇಕೇ? ಕಾಸ್ಮಿಕ್ ಕಿರಣದ ಫಾರ್ವರ್ಡ್ ಎಷ್ಟು ನಿಜ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಓದುಗರು ತಮ್ಮ ಮನೆಯವರ ಗ್ರೂಪಿಗೆ ಬಂದ ವಾಟ್ಸಾಪ್ ಸಂದೇಶವೊಂದನ್ನು ನಮಗೆ ಕಳಿಸಿ "ಇದು ಖರೇನಾ?" ಎಂದು ಕೇಳಿದ್ದಾರೆ. ಸಂದೇಶದ ಸಾರ ಇಷ್ಟು: ಇಂದು ರಾತ್ರಿ 12.30ರಿಂದ 3.30ರವರೆಗೆ ಮಂಗಳ ಗ್ರಹದ ಕಡೆಯಿಂದ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ವಿಕಿರಣ ವಿಪರೀತ ಇರುತ್ತದೆ. ಮೊಬೈಲ್ ಸ್ವಿಚ್ ಆಫ್ ಮಾಡಿ ಮೈಯಿಂದ ದೂರ ಇಡಿ, ಇಲ್ಲದಿದ್ದರೆ ದೇಹಕ್ಕೆ ಭಾರಿ ಹಾನಿ. ಸಿಂಗಾಪುರದ ಟಿವಿಯಲ್ಲಿ ಸುದ್ದಿ ಬಂದಿದೆ, ನಾಸಾ ಬಿಬಿಸಿ ನ್ಯೂಸ್ ನೋಡಿ, ನಿಮ್ಮವರಿಗೆಲ್ಲ ತಿಳಿಸಿ.

ಚಿಕ್ಕ ಉತ್ತರ: ಸಂದೇಶ ಸುಳ್ಳು. ಕಾಸ್ಮಿಕ್ ಕಿರಣಗಳು ಇರುವುದು ನಿಜ, ಅವು ಭೂಮಿಗೆ ಬರುವುದೂ ನಿಜ. ಆದರೆ ಅವು ಹೊತ್ತು ನೋಡಿ ಬರುವುದಿಲ್ಲ. ಬರುತ್ತವೆ ಎಂದು ಮೊದಲೇ ಹೇಳಲೂ ಆಗುವುದಿಲ್ಲ. ಮೊಬೈಲ್ ಆಫ್ ಮಾಡಿದರೆ ಅವು ನಿಲ್ಲುವುದಿಲ್ಲ. ಮೊಬೈಲ್ ಆಫ್ ಮಾಡುವುದರಿಂದ ಅಪಾಯ ಕಡಿಮೆಯಾಗುವುದಿಲ್ಲ, ಕೆಲವೊಮ್ಮೆ ಹೆಚ್ಚುತ್ತದೆ. ಅದು ಹೇಗೆ ಎಂಬುದು ಮುಂದಿದೆ.

ಸಂದೇಶದ ಹುಟ್ಟು ಎಲ್ಲಿ?

ಇದು ಹೊಸ ಸಂದೇಶವಲ್ಲ. ಸ್ಮಾರ್ಟ್‌ಫೋನ್ ಮನೆಮನೆಗೆ ಬರುವ ಮೊದಲು, ಎಸ್‌ಎಂಎಸ್ ಕಾಲದಲ್ಲೇ ಇದರ ಅಣ್ಣತಮ್ಮಂದಿರು ಓಡಾಡುತ್ತಿದ್ದವು. 2010ರ ಜನವರಿಯಲ್ಲಿ ಆಫ್ರಿಕಾದ ಘಾನಾ ದೇಶದಲ್ಲಿ ಭೂಕಂಪ ಆಗುತ್ತದೆ ಎಂಬ ಸುಳ್ಳು ಮೆಸೇಜು ರಾತ್ರೋರಾತ್ರಿ ಹಬ್ಬಿ, ಸಾವಿರಾರು ಜನ ಮಕ್ಕಳನ್ನು ಕಟ್ಟಿಕೊಂಡು ಮನೆಯಿಂದ ಹೊರಗೆ ಬೀದಿಯಲ್ಲಿ ಬೆಳಗು ಮಾಡಿದರು. ಭೂಕಂಪ ಆಗಲಿಲ್ಲ.

ನಿಮಗೆ ಬಂದ ಸಂದೇಶವನ್ನು ಇನ್ನೊಮ್ಮೆ ಓದಿ ನೋಡಿ. ತಾರೀಖು ಇದೆಯೇ? ಇಲ್ಲ. "ಇಂದು ರಾತ್ರಿ" ಎಂದಷ್ಟೇ ಇದೆ. ತಾರೀಖು ಇಲ್ಲದ ಕಾರಣಕ್ಕೇ ಅದು ಪ್ರತಿ ವರ್ಷ, ಪ್ರತಿ ಊರಿನಲ್ಲಿ ಹೊಸದಾಗಿ ಕಾಣುತ್ತದೆ. 12.30 ಎಂದರೆ ಯಾವ ದೇಶದ 12.30? ಕಲಬುರಗಿಯಲ್ಲಿ ಮಧ್ಯರಾತ್ರಿ 12.30 ಆದಾಗ ಸಿಂಗಾಪುರದಲ್ಲಿ ನಸುಕಿನ 3 ಗಂಟೆ. ಇನ್ನು "ನಾಸಾ ಬಿಬಿಸಿ ನ್ಯೂಸ್" ಎಂಬ ಸಂಸ್ಥೆಯೇ ಇಲ್ಲ. ನಾಸಾ ಅಮೆರಿಕದ ಬಾಹ್ಯಾಕಾಶ ಸಂಸ್ಥೆ, ಬಿಬಿಸಿ ಬ್ರಿಟನ್ನಿನ ಸುದ್ದಿವಾಹಿನಿ. ಎರಡು ದೊಡ್ಡ ಹೆಸರುಗಳನ್ನು ಒಂದೇ ದಾರಕ್ಕೆ ಪೋಣಿಸಿದರೆ ಓದುವವರಿಗೆ ಅನುಮಾನ ಬರಲಿಕ್ಕಿಲ್ಲ ಎಂಬ ಲೆಕ್ಕ ಅಷ್ಟೇ.

ಕಾಸ್ಮಿಕ್ ಕಿರಣ ಎಂದರೆ ಏನು?

ಹೆಸರಿನಲ್ಲಿ ಕಿರಣ ಇದ್ದರೂ ಇವು ಬೆಳಕಿನ ಕಿರಣಗಳಲ್ಲ. ಅತಿ ವೇಗದಲ್ಲಿ ಓಡುವ ಸೂಕ್ಷ್ಮ ಕಣಗಳು. ನೂರರಲ್ಲಿ ಸುಮಾರು 90 ಪ್ರೋಟಾನ್‌ಗಳು, ಅಂದರೆ ಹೈಡ್ರೋಜನ್ ಪರಮಾಣುವಿನ ತಿರುಳು. ಉಳಿದವು ಹೆಚ್ಚಾಗಿ ಹೀಲಿಯಂನ ತಿರುಳು, ಒಂದಿಷ್ಟು ಭಾರದ ಕಣಗಳು. ಕೆಲವು ಸೂರ್ಯನಿಂದ ಬರುತ್ತವೆ. ಹೆಚ್ಚಿನವು ನಮ್ಮ ಆಕಾಶಗಂಗೆಯಲ್ಲಿ ಸಿಡಿದುಹೋದ ದೊಡ್ಡ ನಕ್ಷತ್ರಗಳಂಥ ಮೂಲಗಳಿಂದ ಬರುತ್ತವೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಮಂಗಳ ಗ್ರಹಕ್ಕೂ ಇವಕ್ಕೂ ಸಂಬಂಧವಿಲ್ಲ. ಮಂಗಳಕ್ಕೂ ಇವು ನಮ್ಮ ಹಾಗೆಯೇ ಬಡಿಯುತ್ತವೆ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ನಮಗಿಂತ ಜಾಸ್ತಿಯೇ ಬಡಿಯುತ್ತವೆ.

ಇವನ್ನು ಕಂಡುಹಿಡಿದು ನೂರು ವರ್ಷ ದಾಟಿದೆ. 1912ರ ಆಗಸ್ಟ್ 7ರಂದು ಆಸ್ಟ್ರಿಯಾದ ವಿಜ್ಞಾನಿ ವಿಕ್ಟರ್ ಹೆಸ್ ಬಲೂನಿನಲ್ಲಿ ಸುಮಾರು 5 ಕಿ.ಮೀ. ಎತ್ತರಕ್ಕೆ ಏರಿದರು. ವಿಕಿರಣ ನೆಲದಿಂದ ಬರುವುದಾದರೆ ಮೇಲೆ ಹೋದಂತೆ ಕಡಿಮೆ ಆಗಬೇಕಿತ್ತು. ಅವರ ಉಪಕರಣದಲ್ಲಿ ಅದು ಹೆಚ್ಚಾಯಿತು. ಅಂದರೆ ಅದು ಮೇಲಿನಿಂದ, ಆಕಾಶದಿಂದ ಬರುತ್ತಿದೆ. ಈ ಶೋಧಕ್ಕೆ ಅವರಿಗೆ 1936ರಲ್ಲಿ ನೊಬೆಲ್ ಬಂತು.

ಈ ಕಣಗಳು ಭೂಮಿಯ ಪಕ್ಕದಲ್ಲಿ ಬಸ್ಸಿನ ಹಾಗೆ "ಹಾದುಹೋಗುವುದಿಲ್ಲ". ಎಲ್ಲ ದಿಕ್ಕಿನಿಂದ, ಹಗಲೂ ರಾತ್ರಿ ಸುರಿಯುತ್ತಲೇ ಇವೆ. ಈ ಸಾಲನ್ನು ನೀವು ಓದುವಾಗಲೂ.

ನಿಮ್ಮ ಮೊಬೈಲಿನ ಲೆಕ್ಕ

ಕಾಸ್ಮಿಕ್ ಕಣ ಗಾಳಿಗೆ ಬಡಿದಾಗ ನೆಲದಿಂದ ಹತ್ತಾರು ಕಿಲೋಮೀಟರ್ ಮೇಲೆಯೇ ಚೂರಾಗುತ್ತದೆ. ಆಗ ಹುಟ್ಟುವ ಕಣಗಳಲ್ಲಿ ಮ್ಯೂಆನ್ ಎಂಬುದು ನೆಲದವರೆಗೆ ಬಂದು ಮುಟ್ಟುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ ಎಂಬುದು ಎಷ್ಟೋ ವರ್ಷಗಳಿಂದ ಅಳೆದು ಗೊತ್ತಿರುವ ಲೆಕ್ಕ.

ನಿಮ್ಮ ಮೊಬೈಲ್ 15 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ ಇದೆ ಎನ್ನೋಣ. ಹಾಸಿಗೆಯ ಪಕ್ಕ ಮಲಗಿಸಿಟ್ಟರೆ ಅದರ ಮೂಲಕ ನಿಮಿಷಕ್ಕೆ ಸುಮಾರು 100 ಮ್ಯೂಆನ್ ಹಾದುಹೋಗುತ್ತವೆ. 12.30ರಿಂದ 3.30ರವರೆಗಿನ ಮೂರು ಗಂಟೆಯಲ್ಲಿ ಸುಮಾರು 18,000. ನಿನ್ನೆ ರಾತ್ರಿಯೂ ಹೆಚ್ಚುಕಡಿಮೆ ಅಷ್ಟೇ ಹೋಗಿದ್ದವು, ನಾಳೆ ಮಧ್ಯಾಹ್ನ ಊಟದ ಹೊತ್ತಿಗೂ ಅಷ್ಟೇ ಹೋಗುತ್ತವೆ. ಮೊಬೈಲ್ ಚಾಲೂ ಇದೆಯೋ ಬಂದ್ ಇದೆಯೋ ಎಂಬುದರಿಂದ ಮ್ಯೂಆನ್‌ಗೆ ಯಾವ ವ್ಯತ್ಯಾಸವೂ ಇಲ್ಲ. ಮನೆಯ ಆರ್‌ಸಿಸಿ ಚಾವಣಿಯೂ ಅದಕ್ಕೆ ದೊಡ್ಡ ಅಡ್ಡಿಯಲ್ಲ.

ಹಾಗಾದರೆ ನಾವು ಆರಾಮಾಗಿ ಇರುವುದು ಹೇಗೆ? ಎರಡು ಕಾರಣ. ಮೊದಲನೆಯದು ಭೂಮಿಯ ಕಾಂತಕ್ಷೇತ್ರ. ಅದು ಎಷ್ಟೋ ಕಣಗಳನ್ನು ಬಾಗಿಸಿ ಹೊರಕ್ಕೆ ಕಳಿಸುತ್ತದೆ. ಎರಡನೆಯದು ವಾತಾವರಣ. ನಮ್ಮ ತಲೆಯ ಮೇಲಿನ ಗಾಳಿಯನ್ನೆಲ್ಲ ಒತ್ತಿ ನೀರಿನಷ್ಟು ದಟ್ಟ ಮಾಡಿದರೆ ಸುಮಾರು 10 ಮೀಟರ್, ಅಂದರೆ 33 ಅಡಿ ಆಳದ ನೀರಾಗುತ್ತದೆ. ತುಂಬಿದ ಬಾವಿಯ ತಳದಲ್ಲಿ ಕುಳಿತವರ ಮೇಲೆ ಎಷ್ಟು ನೀರಿನ ರಕ್ಷಣೆ ಇರುತ್ತದೋ ಅಷ್ಟು ರಕ್ಷಣೆ ಹೊಲದಲ್ಲಿ ನಿಂತವರಿಗೂ ಇದೆ.

ಇದನ್ನೂ ದಾಟಿ ಬರುವ ಕಾಸ್ಮಿಕ್ ವಿಕಿರಣದ ಪ್ರಮಾಣ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 0.4 ಮಿಲಿಸೀವರ್ಟ್. ಮಣ್ಣು, ಕಲ್ಲು, ಗಾಳಿ, ಆಹಾರ ಎಲ್ಲ ಸೇರಿ ನಿಸರ್ಗದಿಂದ ನಮಗೆ ಬರುವುದು ಸರಾಸರಿ 2.4 ಮಿಲಿಸೀವರ್ಟ್. ಮನುಷ್ಯ ಹುಟ್ಟಿದಾಗಿನಿಂದ ಇದರ ನಡುವೆಯೇ ಬದುಕಿದ್ದಾನೆ.

ಮೊಬೈಲ್ ಟವರಿನ ತರಂಗ ಇದಕ್ಕಿಂತ ಬೇರೆ ಜಾತಿ. ಅದಕ್ಕೆ ಪರಮಾಣುವನ್ನು ಒಡೆಯುವಷ್ಟು ಶಕ್ತಿ ಇಲ್ಲ. ಕಾಸ್ಮಿಕ್ ಕಿರಣ ಮತ್ತು ಮೊಬೈಲ್ ತರಂಗ ಸೇರಿ ಹೊಸ ಅಪಾಯ ಹುಟ್ಟುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಇತ್ತೀಚಿನ ದೊಡ್ಡ ಶೋಧಗಳು ಏನು ಹೇಳುತ್ತವೆ?

"ಮಾಮೂಲಿ ದಿನ ಸರಿ, ಆದರೆ ಒಂದು ದಿನ ದೊಡ್ಡದೇನಾದರೂ ಬಂದರೆ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೊಡ್ಡವು ಬಂದಿವೆ. ಕಳೆದ ಕೆಲವೇ ವರ್ಷಗಳಲ್ಲಿ ಮೂರು ಬಂದಿವೆ.

ಒಂದು, 2021ರ ಮೇ 27. ಅಮೆರಿಕದ ಯೂಟಾ ಮರುಭೂಮಿಯಲ್ಲಿ ಸುಮಾರು 700 ಚದರ ಕಿ.ಮೀ. ಜಾಗದಲ್ಲಿ 500ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹರವಿಟ್ಟ "ಟೆಲಿಸ್ಕೋಪ್ ಅರೇ" ಎಂಬ ಪ್ರಯೋಗವಿದೆ. ಅಲ್ಲಿ ಸಿಕ್ಕಿದ ಒಂದು ಕಾಸ್ಮಿಕ್ ಕಣಕ್ಕೆ ಜಪಾನಿನ ಸೂರ್ಯದೇವತೆಯ ಹೆಸರಿಟ್ಟು "ಅಮತೆರಾಸು" ಎಂದು ಕರೆದರು. ಅದರ ಶಕ್ತಿ ಎಷ್ಟೆಂದರೆ, ನಾಲ್ಕು ಕಿಲೊ ತೊಗರಿ ಬೇಳೆಯ ಚೀಲ ಸೊಂಟದ ಎತ್ತರದಿಂದ ನೆಲಕ್ಕೆ ಬಿದ್ದಾಗಿನಷ್ಟು. ಚೀಲದಲ್ಲಿ ಲೆಕ್ಕವಿಲ್ಲದಷ್ಟು ಕೋಟಿ ಪರಮಾಣುಗಳಿವೆ, ಇಲ್ಲಿ ಅಷ್ಟೂ ಶಕ್ತಿ ಒಂದೇ ಕಣದಲ್ಲಿತ್ತು. ಅದು ಬಂದ ದಿಕ್ಕಿನಲ್ಲಿ ಹುಡುಕಿದರೆ ಗೆಲಾಕ್ಸಿಗಳೇ ವಿರಳವಾದ ಖಾಲಿ ಪ್ರದೇಶ. ಎಲ್ಲಿಂದ ಬಂತು ಎಂಬುದು ಇನ್ನೂ ಬಗೆಹರಿದಿಲ್ಲ.

ಎರಡು, 2022ರ ಅಕ್ಟೋಬರ್ 9, ಭಾನುವಾರ. ನಮ್ಮ ಗಡಿಯಾರದಲ್ಲಿ ಸಂಜೆ 6.47. ಸುಮಾರು 200 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ನಡೆದ ಸ್ಫೋಟದ ಗಾಮಾ ಕಿರಣಗಳು ಭೂಮಿಗೆ ಬಡಿದವು. ಇದುವರೆಗೆ ದಾಖಲಾದ ಗಾಮಾ ಸ್ಫೋಟಗಳಲ್ಲಿ ಇದೇ ಅತಿ ಪ್ರಖರ. ಭೂಮಿಯ ಮೇಲ್ವಾತಾವರಣದ ಅಯಾನು ಪದರ ಹಲವು ಗಂಟೆ ಕದಡಿತು. ಭಾರತದಲ್ಲಿನ ಸಿಡಿಲು ಪತ್ತೆ ಉಪಕರಣಗಳೂ ಅದನ್ನು ಗುರುತಿಸಿದವು. ಆ ಸಂಜೆ ನಿಮ್ಮ ಮೊಬೈಲಿಗೆ ಏನಾದರೂ ಆಗಿತ್ತೇ? ನೆನಪಾಗದಿದ್ದರೆ ಅದೇ ಉತ್ತರ.

ಮೂರು, 2023ರ ಫೆಬ್ರವರಿ 13. ಇಟಲಿಯ ಸಿಸಿಲಿ ದ್ವೀಪದ ಬಳಿ, ಸಮುದ್ರದ ಅಡಿ ಸುಮಾರು ಮೂರೂವರೆ ಕಿ.ಮೀ. ಆಳದಲ್ಲಿ ಕಟ್ಟುತ್ತಿರುವ ಕೆಎಂ3ನೆಟ್ ಎಂಬ ದೂರದರ್ಶಕಕ್ಕೆ ಒಂದು ನ್ಯೂಟ್ರಿನೊ ಸಿಕ್ಕಿತು. ಅಲ್ಲಿಯವರೆಗೆ ಕಂಡ ಯಾವ ನ್ಯೂಟ್ರಿನೊಗೂ ಅಷ್ಟು ಶಕ್ತಿ ಇರಲಿಲ್ಲ.

ಈ ಮೂರರಲ್ಲೂ ಗಮನಿಸಬೇಕಾದ ಸಂಗತಿ ಒಂದಿದೆ. ಅಮತೆರಾಸು ಬಂದದ್ದು 2021ರಲ್ಲಿ, ಜಗತ್ತಿಗೆ ತಿಳಿಸಿದ್ದು 2023ರ ನವೆಂಬರಿನಲ್ಲಿ. ಸಮುದ್ರದ ನ್ಯೂಟ್ರಿನೊ ಬಂದದ್ದು 2023ರಲ್ಲಿ, ತಿಳಿಸಿದ್ದು 2025ರ ಫೆಬ್ರವರಿಯಲ್ಲಿ. ನಡುವಿನ ಎರಡೆರಡು ವರ್ಷ ವಿಜ್ಞಾನಿಗಳು ತಮ್ಮ ಉಪಕರಣ ತಪ್ಪಿದೆಯೇ, ಲೆಕ್ಕ ತಪ್ಪಿದೆಯೇ ಎಂದು ತಾವೇ ಅನುಮಾನಪಟ್ಟು ಮತ್ತೆಮತ್ತೆ ಪರೀಕ್ಷಿಸಿದರು. ಗಾಮಾ ಸ್ಫೋಟದ ಸುದ್ದಿ ಬೇಗ ಬಂತಾದರೂ ಅದೂ ಕಿರಣ ಬಡಿದ ಮೇಲೆಯೇ. ಮೊದಲೇ "ಇಂದು ರಾತ್ರಿ ಬರುತ್ತದೆ" ಎಂದು ಯಾರೂ ಹೇಳಿರಲಿಲ್ಲ. ಹೇಳಲು ಸಾಧ್ಯವೂ ಇರಲಿಲ್ಲ.

ಮುನ್ಸೂಚನೆ ಏಕೆ ಸಾಧ್ಯವಿಲ್ಲ?

ಈ ಫಾರ್ವರ್ಡ್ ಸುಳ್ಳು ಎನ್ನಲು ಇದೊಂದು ಕಾರಣವೇ ಸಾಕು. ಇಂಥ ಕಣಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಬರುತ್ತವೆ. ಬೆಳಕಿಗಿಂತ ವೇಗವಾಗಿ ಯಾವ ಸುದ್ದಿಯೂ ಓಡುವುದಿಲ್ಲ. ಮದುವೆ ದಿಬ್ಬಣ ಬರುವ ಮೊದಲು ಒಬ್ಬ ಬೈಕಿನಲ್ಲಿ ಬಂದು "ದಿಬ್ಬಣ ಹೊರಟಿದೆ" ಎಂದು ಹೇಳಬೇಕಾದರೆ ಅವನ ಬೈಕು ದಿಬ್ಬಣಕ್ಕಿಂತ ಜೋರಾಗಿ ಓಡಬೇಕು. ಇಲ್ಲಿ ಹಾಗೆ ಓಡುವವರು ಯಾರೂ ಇಲ್ಲ. ದೂರದ ನಕ್ಷತ್ರಲೋಕದಿಂದ ಹೊರಟ ಕಣಗಳು ರಾತ್ರಿ 12.30ಕ್ಕೆ ಬಂದು 3.30ಕ್ಕೆ ಮುಗಿಯುತ್ತವೆ ಎಂದು ನಾಸಾ ಕೂಡ ಹೇಳಲಾರದು.

ಸೂರ್ಯನ ವಿಷಯ ಸ್ವಲ್ಪ ಬೇರೆ. ಸೂರ್ಯ ಒಮ್ಮೊಮ್ಮೆ ಭಾರಿ ಪ್ರಮಾಣದ ಬಿಸಿ ಅನಿಲದ ಮೋಡವನ್ನು ಉಗುಳುತ್ತಾನೆ. ಆ ಮೋಡ ಭೂಮಿ ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಅದರ ಬೆಳಕು ಎಂಟು ನಿಮಿಷದಲ್ಲೇ ಬರುವುದರಿಂದ ಎಚ್ಚರಿಕೆ ಕೊಡಲು ಸಮಯ ಸಿಗುತ್ತದೆ. ಇಸ್ರೊದ ಆದಿತ್ಯ ಎಲ್1 ಇಂಥದ್ದನ್ನು ಗಮನಿಸುತ್ತಲೇ ಇದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಅದು 2024ರ ಜನವರಿ 6ರಿಂದ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿದೆ. ಅದರ ಮುಖ್ಯ ಉಪಕರಣವನ್ನು ತಯಾರಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

2024ರ ಮೇ 10–11ರಂದು ಇಪ್ಪತ್ತು ವರ್ಷಗಳಲ್ಲೇ ದೊಡ್ಡದಾದ ಸೌರ ಬಿರುಗಾಳಿ ಭೂಮಿಗೆ ಬಡಿಯಿತು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದು ಅಲ್ಲಿನ ವೀಕ್ಷಣಾಲಯದ ಕ್ಯಾಮೆರಾದಲ್ಲಿ ದಾಖಲಾಯಿತು. ಅಮೆರಿಕದಲ್ಲಿ ಜಿಪಿಎಸ್ ನಂಬಿ ಬಿತ್ತನೆ ಮಾಡುವ ಟ್ರ್ಯಾಕ್ಟರುಗಳು ಗೆರೆ ತಪ್ಪಿದವು. ಅಂಥ ರಾತ್ರಿಯಲ್ಲೂ "ಮೊಬೈಲ್ ಆಫ್ ಮಾಡಿ" ಎಂದು ಯಾವ ವಿಜ್ಞಾನ ಸಂಸ್ಥೆಯೂ ಹೇಳಲಿಲ್ಲ. ಸೌರ ಬಿರುಗಾಳಿ ಬಂದಾಗ ಹೊರಗಿನ ನಕ್ಷತ್ರಲೋಕದ ಕಾಸ್ಮಿಕ್ ಕಣಗಳು ಭೂಮಿಗೆ ಬರುವುದು ತುಸು ಕಡಿಮೆಯೇ ಆಗುತ್ತದೆ. ಸೂರ್ಯನ ಕಾಂತಮೋಡ ಅವನ್ನು ತಳ್ಳಿಬಿಡುತ್ತದೆ.

ಯಂತ್ರಗಳಿಗೆ ತೊಂದರೆ ಆಗುವುದೇ ಇಲ್ಲವೇ?

ಆಗುತ್ತದೆ, ಅಪರೂಪಕ್ಕೆ. ಕಂಪ್ಯೂಟರ್ ಚಿಪ್ಪಿನೊಳಗೆ ಮಾಹಿತಿ 0 ಮತ್ತು 1ರ ರೂಪದಲ್ಲಿರುತ್ತದೆ. ಶಕ್ತಿಯುತ ಕಣವೊಂದು ಸರಿಯಾದ ಜಾಗಕ್ಕೆ ಬಡಿದರೆ 0 ಹೋಗಿ 1 ಆಗಬಹುದು. 2003ರಲ್ಲಿ ಬೆಲ್ಜಿಯಂನ ಒಂದು ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ ಯಂತ್ರದಲ್ಲಿ 4,096 ಮತ ಹೆಚ್ಚಿಗೆ ಬಂದಿತ್ತು. ಕಾಸ್ಮಿಕ್ ಕಣ ಕಾರಣ ಇರಬಹುದು ಎಂಬ ಶಂಕೆ ಇದೆ. 2025ರ ಅಕ್ಟೋಬರಿನಲ್ಲಿ ಒಂದು ಪ್ರಯಾಣಿಕ ವಿಮಾನ ಹಾರಾಟದ ನಡುವೆ ದಿಢೀರನೆ ಕೆಳಕ್ಕೆ ಬಾಗಿದ ಮೇಲೆ, ತೀವ್ರ ಸೌರ ವಿಕಿರಣದಿಂದ ನಿಯಂತ್ರಣದ ಮಾಹಿತಿ ಕೆಡಬಹುದು ಎಂದು ಏರ್‌ಬಸ್ ಕಂಪನಿ ಎಚ್ಚರಿಸಿತು. ಜಗತ್ತಿನಾದ್ಯಂತ ಸುಮಾರು 6,000 ಎ320 ಜಾತಿಯ ವಿಮಾನಗಳಿಗೆ ಬದಲಾವಣೆ ಮಾಡಬೇಕಾಯಿತು, ಹೆಚ್ಚಿನವಕ್ಕೆ ಸಾಫ್ಟ್‌ವೇರ್ ಬದಲಿಸಿದರೆ ಸಾಕಿತ್ತು.

ವಿಮಾನ ಹಾರುವ ಎತ್ತರದಲ್ಲಿ ಗಾಳಿಯ ಹೊದಿಕೆ ತೆಳು, ಕಣಗಳು ನೆಲಕ್ಕಿಂತ ಹತ್ತಾರು ಪಟ್ಟು ಹೆಚ್ಚು. ನೆಲದ ಮೇಲಿನ ಮೊಬೈಲಿಗೆ ಇಂಥದ್ದು ಆದರೂ ಹೆಚ್ಚೆಂದರೆ ಒಂದು ಆ್ಯಪ್ ನಿಂತೀತು, ಫೋನು ಒಮ್ಮೆ ರೀಸ್ಟಾರ್ಟ್ ಆದೀತು. ಅದರಿಂದ ಪಕ್ಕದಲ್ಲಿ ಮಲಗಿದವರ ದೇಹಕ್ಕೆ ಏನೂ ಆಗುವುದಿಲ್ಲ.

ನಮ್ಮ ನೆಲದಲ್ಲೇ ನಡೆದ ಶೋಧಗಳು

ಕಾಸ್ಮಿಕ್ ಕಿರಣ ಎಂದರೆ ದೂರದ ಸಿಂಗಾಪುರದ ಸುದ್ದಿ ಅಲ್ಲ, ಕರ್ನಾಟಕಕ್ಕೆ ಇದು ಹಳೆಯ ಪರಿಚಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೋಮಿ ಭಾಭಾ ಕಾಸ್ಮಿಕ್ ಕಿರಣ ಸಂಶೋಧನೆಗೆಂದೇ ಒಂದು ವಿಭಾಗ ಕಟ್ಟಿದ್ದರು. ಕೋಲಾರದ ಚಿನ್ನದ ಗಣಿಯ ಆಳಕ್ಕೆ ಇಳಿದು, ಮೇಲಿನ ಬಂಡೆ ಎಷ್ಟು ಮ್ಯೂಆನ್‌ಗಳನ್ನು ತಡೆಯುತ್ತದೆ ಎಂದು ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗಿಂತ ಹೆಚ್ಚು ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಇದನ್ನು ಮೊದಲು ಕಂಡವರ ಸಾಲಿನಲ್ಲಿ ಜಗತ್ತು ಇಂದಿಗೂ ಕೋಲಾರದ ಹೆಸರು ಹೇಳುತ್ತದೆ.

ಕಲ್ಯಾಣ ಕರ್ನಾಟಕದ ಹೊಲಗಳಿಗೂ ಈ ವಿಜ್ಞಾನ ಆಕಾಶದಿಂದಲೇ ಇಳಿಯುತ್ತದೆ. ಟಿಐಎಫ್‌ಆರ್‌ನ ಬಲೂನ್ ಕೇಂದ್ರ ಹೈದರಾಬಾದಿನಲ್ಲಿದೆ. ಅಲ್ಲಿಂದ ಉಪಕರಣ ಹೊತ್ತ ದೊಡ್ಡ ಬಲೂನುಗಳು 30–40 ಕಿ.ಮೀ. ಎತ್ತರಕ್ಕೆ ಹೋಗಿ, ಗಾಳಿಗೆ ತೇಲಿ, ಪ್ಯಾರಾಚೂಟಿನೊಂದಿಗೆ ಎಲ್ಲಾದರೂ ಇಳಿಯುತ್ತವೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಅಂಥದ್ದೊಂದು ಬಂದು ಬಿದ್ದಾಗ ಜನ ಮೊದಲು ಗಾಬರಿಯಾದರು, ಆಮೇಲೆ ಅದು ಸಂಶೋಧನೆಯ ಬಲೂನು ಎಂದು ಗೊತ್ತಾಯಿತು. ನಿಮ್ಮ ಹೊಲದಲ್ಲಿ ಅಂಥದ್ದು ಕಂಡರೆ ಮುಟ್ಟಬೇಡಿ, ಬಿಚ್ಚಬೇಡಿ. ಕೆಲವು ಉಪಕರಣದಲ್ಲಿ ಹೈವೋಲ್ಟೇಜ್ ಇರಬಹುದು. ಪೊಲೀಸರಿಗೆ ಫೋನ್ ಮಾಡಿ.

ಎಲ್ಲಕ್ಕಿಂತ ನಮಗೆ ಹತ್ತಿರದ ಶೋಧ ಊಟಿಯದು. ಅಲ್ಲಿನ ಗ್ರೇಪ್ಸ್-3 ಪ್ರಯೋಗ ದಿನಕ್ಕೆ ಸುಮಾರು 400 ಕೋಟಿ ಮ್ಯೂಆನ್‌ಗಳನ್ನು ಎಣಿಸುತ್ತದೆ. ಗುಡುಗಿನ ಮೋಡದೊಳಗೆ ವಿದ್ಯುತ್ ಕ್ಷೇತ್ರ ಇರುವುದರಿಂದ ಅದರ ಮೂಲಕ ಬರುವ ಮ್ಯೂಆನ್‌ಗಳ ಎಣಿಕೆ ತುಸು ಬದಲಾಗುತ್ತದೆ. 2014ರ ಡಿಸೆಂಬರ್ 1ರಂದು ಊಟಿಯ ಮೇಲೆ ಬಂದ ಮೋಡವೊಂದನ್ನು ಹೀಗೆ ಲೆಕ್ಕ ಹಾಕಿದಾಗ ಅದರೊಳಗಿನ ವೋಲ್ಟೇಜ್ ಸುಮಾರು 130 ಕೋಟಿ ವೋಲ್ಟ್ ಎಂದು ಗೊತ್ತಾಯಿತು. ನಮ್ಮ ಮನೆಯ ಕರೆಂಟು 230 ವೋಲ್ಟ್. ಗುಡುಗಿನ ಮೋಡದಲ್ಲಿ ಇಷ್ಟು ಇರಬಹುದು ಎಂದು ಬ್ರಿಟಿಷ್ ವಿಜ್ಞಾನಿ ವಿಲ್ಸನ್ 1929ರಲ್ಲೇ ಊಹಿಸಿದ್ದರು. ಅಳೆದು ತೋರಿಸಿದ್ದು 2019ರಲ್ಲಿ ಪ್ರಕಟವಾದ ಊಟಿಯ ಈ ಅಧ್ಯಯನ. ಬಲೂನು, ವಿಮಾನ ಕಳಿಸಿ ಇಡೀ ಮೋಡವನ್ನು ಒಮ್ಮೆಗೇ ಅಳೆಯುವುದು ಸಾಧ್ಯವಿರಲಿಲ್ಲ. ಮ್ಯೂಆನ್‌ಗಳಿಂದ ಅದು ಸಾಧ್ಯವಾಯಿತು.

ಅಂದರೆ ಫಾರ್ವರ್ಡ್ ಯಾವುದಕ್ಕೆ ಹೆದರಿಸುತ್ತದೋ ಅದು ನಿಜವಾದ ಅಪಾಯವನ್ನು ಅಳೆಯುವ ಸಾಧನ. ನಿಜವಾದ ಅಪಾಯ ಇರುವುದು ಆ ಮೋಡದಲ್ಲಿ.

ಆಕಾಶದಿಂದ ಬರುವ ನಿಜವಾದ ಅಪಾಯ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಕಲಬುರಗಿಯ ಬಯಲುಸೀಮೆಯಲ್ಲಿ ಏಪ್ರಿಲ್–ಮೇ ತಿಂಗಳ ಅಕಾಲಿಕ ಮಳೆಯಲ್ಲಿ, ಮತ್ತೆ ಮುಂಗಾರು ಮರಳುವ ಹೊತ್ತಿನಲ್ಲಿ ಸಿಡಿಲಿನ ಆರ್ಭಟ ಹೆಚ್ಚು. ಮಳೆ ಬಂತೆಂದು ಬೇವಿನ ಮರದ ಕೆಳಗೆ ಸೇರಿದವರು, ಕುರಿ ಕಾಯುವವರು, ತೊಗರಿ ಹೊಲದಲ್ಲಿ ಕಸ ತೆಗೆಯುತ್ತಿದ್ದವರು ಇದಕ್ಕೆ ಸಿಗುತ್ತಾರೆ.

ಇನ್ನೊಂದು ಅಪಾಯ ನೆರೆ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅಂಚಿನಲ್ಲಿ ಭೀಮಾ ಹರಿಯುತ್ತದೆ. ಆಳಂದ ತಾಲ್ಲೂಕಿನ ಅಮರ್ಜಾ ಗಾಣಗಾಪುರದ ಬಳಿ ಬಂದು ಅದನ್ನೇ ಸೇರುತ್ತದೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ, ಇಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ಏರುತ್ತದೆ. 2020ರ ಅಕ್ಟೋಬರ್, 2025ರ ಸೆಪ್ಟೆಂಬರ್ ತಿಂಗಳ ನೆರೆಯನ್ನು ಹೊಳೆದಂಡೆಯ ಊರಿನವರಿಗೆ ನಾವು ನೆನಪಿಸಬೇಕಾಗಿಲ್ಲ. ಸೊನ್ನ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬ ಸುದ್ದಿ ಮೊದಲು ಬರುವುದು ಮೊಬೈಲಿಗೇ. ಹಾಗೆ ಬರುವ ಸುದ್ದಿಗೆ ಹಗಲು ರಾತ್ರಿ ಎಂಬುದಿಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಸ್ಮಿಕ್ ಕಿರಣದ ಮುನ್ಸೂಚನೆ ಅಸಾಧ್ಯ, ನೆಲದ ಮೇಲೆ ಅದರಿಂದ ಹೆದರಬೇಕಾದ್ದೂ ಇಲ್ಲ. ಸಿಡಿಲು, ನೆರೆಯಿಂದ ಜೀವ ಹೋಗುತ್ತದೆ, ಅವುಗಳ ಮುನ್ಸೂಚನೆ ಸಾಧ್ಯ. ಆ ಮುನ್ಸೂಚನೆ ಬಂದು ಮುಟ್ಟುವುದು ಚಾಲೂ ಇರುವ ಮೊಬೈಲಿಗೆ. ನಡುರಾತ್ರಿ ಹೆರಿಗೆ ನೋವು ಬಂದರೆ, ಎದೆನೋವು ಬಂದರೆ 108ಕ್ಕೆ ಕರೆ ಹೋಗುವುದೂ ಅದರಿಂದಲೇ. ಮನೆಯವರೆಲ್ಲ ಮೂರು ಗಂಟೆ ಫೋನ್ ಬಂದ್ ಮಾಡಿ ಮಲಗಿದರೆ ಆಗುವ ನಷ್ಟ ಇದು.

ಮೊಬೈಲನ್ನು ನಿಮ್ಮ ಕೆಲಸಕ್ಕೆ ಹಚ್ಚಿ

• ಪುಣೆಯ ಐಐಟಿಎಂ ಸಂಸ್ಥೆಯ "ದಾಮಿನಿ" ಆ್ಯಪ್ ನಿಮ್ಮ ಸುತ್ತಮುತ್ತ ಸಿಡಿಲಿನ ಸಾಧ್ಯತೆ ಇದ್ದರೆ ತಿಳಿಸುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ "ಸಚೇತ್" ಆ್ಯಪ್ ಮಳೆ, ನೆರೆ, ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಎರಡೂ ಉಚಿತ. ಲೊಕೇಶನ್ ಆನ್ ಇರಲಿ.

• 2023ರಲ್ಲಿ ಎಲ್ಲರ ಫೋನೂ ಒಮ್ಮೆಗೇ ಜೋರಾಗಿ ಕೂಗಿಕೊಂಡದ್ದು ನೆನಪಿದೆಯೇ? ಅದು ಸರಕಾರ ನಡೆಸಿದ ತುರ್ತು ಎಚ್ಚರಿಕೆಯ ಪರೀಕ್ಷೆ. ಆ ಸೆಟ್ಟಿಂಗನ್ನು ಆಫ್ ಮಾಡಬೇಡಿ.

• ಮಿಂಚು ಕಂಡ ಮೇಲೆ ಎಣಿಸಿ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ. ಪಕ್ಕಾ ಮನೆ ಅಥವಾ ಮುಚ್ಚಿದ ಗಾಡಿಯೊಳಗೆ ಹೋಗಿ. ಒಂಟಿ ಮರ, ತಂತಿ ಬೇಲಿ, ಪಂಪ್‌ಸೆಟ್, ಹೊಳೆನೀರಿನಿಂದ ದೂರ ಇರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊಲಕ್ಕೆ ಮರಳಬೇಡಿ.

• ಕೈಯಲ್ಲಿ ಮೊಬೈಲ್ ಇದ್ದರೆ ಸಿಡಿಲು ಬಡಿಯುತ್ತದೆ ಎಂಬುದೂ ಸುಳ್ಳು. ಆದರೆ ಗುಡುಗುವಾಗ ಚಾರ್ಜಿಗೆ ಹಾಕಿದ ಫೋನಿನಲ್ಲಿ ಮಾತಾಡಬೇಡಿ. ಸಿಡಿಲು ಕರೆಂಟಿನ ತಂತಿಯ ಮೂಲಕ ಬರಬಹುದು.

• ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಬಹುದು. ಉಸಿರು ನಿಂತಿದ್ದರೆ ಗೊತ್ತಿದ್ದವರು ಕೂಡಲೇ ಎದೆ ಒತ್ತಲು ಶುರು ಮಾಡಿ, 108ಕ್ಕೆ ಕರೆ ಮಾಡಿಸಿ.

ಮುಂದಿನ ಸಲ ಹೀಗೆ ಪರೀಕ್ಷಿಸಿ

ಆಕಾಶದ ಬಗ್ಗೆ ಯಾವುದೇ ಸಂದೇಶ ಬಂದರೂ ಮೂರು ಪ್ರಶ್ನೆ ಕೇಳಿ. ತಾರೀಖು, ವರ್ಷ ಇದೆಯೇ? ಹೇಳಿದವರು ಯಾರು, ಅವರ ಸ್ವಂತ ವೆಬ್‌ಸೈಟಿನಲ್ಲಿ ಇದೆಯೇ? ಮತ್ತು, ಅದು ನಿಮಗೆ ಏನನ್ನಾದರೂ ತಿಳಿಸುತ್ತಿದೆಯೇ ಅಥವಾ ಬರೀ "ಎಲ್ಲರಿಗೂ ಕಳಿಸಿ" ಎನ್ನುತ್ತಿದೆಯೇ? ನಿಜವಾದ ಶೋಧದ ಸುದ್ದಿಗೆ ನಿಮ್ಮ ಫಾರ್ವರ್ಡಿನ ಹಂಗಿಲ್ಲ. ಮಕ್ಕಳಿಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದರೆ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಕರೆದುಕೊಂಡು ಹೋಗಿ.

ಗ್ರೂಪಿಗೆ ಇದನ್ನು ಕಳಿಸಿದವರು ಹೆಚ್ಚಾಗಿ ಮನೆಯ ಹಿರಿಯರು, ಕಾಳಜಿಯಿಂದಲೇ ಕಳಿಸಿರುತ್ತಾರೆ. ಎಲ್ಲರೆದುರು ನಗಾಡಿದರೆ ಅವರು ಸುಮ್ಮನಾಗುತ್ತಾರೆ, ನಂಬಿಕೆ ಹಾಗೇ ಉಳಿಯುತ್ತದೆ. ಬೇಕಿದ್ದರೆ ಈ ಉತ್ತರವನ್ನು ಕಾಪಿ ಮಾಡಿ ಕಳಿಸಿ:

"ಕಾಕಾ, ಇದು ಭಾಳ ಹಳೇ ಸುಳ್ಳು ಮೆಸೇಜ್ ಅದರಿ. ಕಾಸ್ಮಿಕ್ ಕಿರಣ ದಿನಾ ಬರ್ತಾವ, ಹಗಲು ರಾತ್ರಿ ಬರ್ತಾವ, ಅದರಿಂದ ನಮಗ ಏನೂ ಆಗಂಗಿಲ್ಲ. ರಾತ್ರಿ ಫೋನ್ ಬಂದ್ ಮಾಡಬ್ಯಾಡ್ರಿ. ಹೊಳಿ ನೀರಿನ ಸುದ್ದಿ ಬಂದ್ರ, ಯಾರಿಗರ ಆರಾಮ ತಪ್ಪಿದ್ರ ಫೋನ್ ಬೇಕಾಗ್ತದ. ಚಾಲೂ ಇಡ್ರಿ."